ತೊಂಬತ್ತೇಳಕ್ಕೆ ಒಂದೂ ಕಡಿಮೆಯಿಲ್ಲ

ಈ ಕಾರಿನ ಬಾಯಿಗೆ ತೊಂಬತ್ತೇಳು ಆಕ್ಟೇನ್‌ಗಿಂತ ಕೀಳಾದ ಒಂದು ಹನಿ ಪೆಟ್ರೋಲನ್ನೂ ಬಿಡುವುದಿಲ್ಲ ಎಂದು ಪಿಸ್ಟನ್ ಮಾವ ಶಪಥ ಮಾಡಿದ್ದರು. ಆ ಹೆಸರು ಊರವರು ಇಟ್ಟದ್ದು; ಅವರದು ಕನ್ನಡಕದ ಅಂಗಡಿ. ಹಳೇ ಕಾಲದ ಕಾರು ಹೆಂಡತಿಯ ತಂದೆಯದು. ಅವರು ತೀರಿಕೊಂಡ ಮೇಲೆ ಮಗಳ ಪಾಲಿಗೆ ಬಂತು. ಅದರ ಬಗ್ಗೆ ಮಾತಾಡುವ ಹಕ್ಕು ಮಾತ್ರ ಹೇಗೋ ಅಳಿಯನ ಪಾಲಿಗೆ ಬಂದಿತ್ತು.

"ಹೈ ಕಂಪ್ರೆಷನ್ ಇಂಜಿನ್ ಇದು, ಒಳಗೆ ಒತ್ತಡ ಜಾಸ್ತಿ!" ಎಂದು ಕಣ್ಣು ತೋರಿಸಲು ಬಂದವರನ್ನೂ ಬಿಡುತ್ತಿರಲಿಲ್ಲ. "ಆಕ್ಟೇನ್ ಕಡಿಮೆಯಾಯ್ತೋ, ಪೆಟ್ರೋಲು ಹೊತ್ತಿಗೆ ಮುಂಚೆ ಹೊತ್ಕೊಳ್ಳುತ್ತೆ. ಒಳಗೆ ಸುತ್ತಿಗೇಲಿ ಬಡಿದ ಹಾಗೆ ಟಕಟಕ. ಆಮೇಲೆ ಪಿಸ್ಟನ್ ಗೋತಾ!" ಗಿರಾಕಿಗಳು ಗೋಡೆಯ ಮೇಲಿನ ಅಕ್ಷರ ಓದುವುದು ಬಿಟ್ಟು ತಲೆಯಾಡಿಸುತ್ತಿದ್ದರು.

ಹೆಂಡತಿ ಶಾಲೆಯ ಹೆಡ್‌ಮಿಸ್. ಸರ್ವೀಸಿನುದ್ದಕ್ಕೂ ಒಂದು ದಿನ ತಡವಾಗಿ ಹೋದವರಲ್ಲ. ತಡವಾಗಿ ಬಂದವರು, ಮಕ್ಕಳಿರಲಿ ಮೇಷ್ಟ್ರಿರಲಿ, ಗಂಟೆ ಬಾರಿಸುವವರೆಗೆ ತುಟಿ ಬಿಚ್ಚದೆ ಬಾಗಿಲ ಹೊರಗೆ ನಿಲ್ಲಬೇಕು. ಅದು ಅವರೇ ಮಾಡಿದ ಕಾನೂನು. ಈಗ ನಿವೃತ್ತಿ. ಬೀಳ್ಕೊಡುಗೆಯ ದಿನ ಅಪ್ಪನ ಕಾರಿನಲ್ಲಿ ಹೋಗಿ ಇಳಿಯಬೇಕೆಂಬುದೊಂದೇ ಅವರ ಆಸೆ.

ಹಿಂದಿನ ದಿನ ಅವರೇ ಟ್ಯಾಂಕು ತುಂಬಿಸಿ ತಂದರು.

"ಎಲ್ಲಿ ಹಾಕಿಸಿದೆ?"

"ಮೂಲೆ ಬಂಕಿನಲ್ಲಿ."

"ಅಲ್ಲಿರೋದು ತೊಂಬತ್ತೊಂದು! ನಿಮ್ಮಪ್ಪನ ಕಾರಿಗೆ ವಿಷ ಕುಡಿಸಿದೆಯಲ್ಲೇ!"

"ಅಪ್ಪನ ಕಾರು ನನಗೂ ಗೊತ್ತು ಕಣ್ರೀ. ಕೇಳಿ ಇಲ್ಲಿ, ಅಪ್ಪ ಅದರ..."

"ನೀನು ಸುಮ್ಮನಿರು. ಇಂಜಿನ್ ವಿಷಯ ನನಗೆ ಬಿಡು."

ಹೆಂಡತಿ ಒಳಗೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದಾಗ ಮಾವ ರಬ್ಬರ್ ಕೊಳವೆ ಇಳಿಬಿಟ್ಟು, ವಿಷವನ್ನೆಲ್ಲ ಕ್ಯಾನುಗಳಿಗೆ ಎಳೆದು ಹಾಕಿದರು. ಬಾಯಿಗೆ ಬಂದ ಗುಟುಕನ್ನು ಉಗಿದು, "ರುಚೀಲೇ ಗೊತ್ತಾಗುತ್ತೆ, ತೊಂಬತ್ತೊಂದೇ," ಎಂದು ತಮಗೆ ತಾವೇ ಹೇಳಿಕೊಂಡರು.

ಮರುದಿನ ಕಾರು ಟ್ಯಾಂಕಿನ ತಳದಲ್ಲಿ ಉಳಿದಿದ್ದರಲ್ಲೇ ಓಡಿ, ದಾರಿಯಲ್ಲಿ ದೊಡ್ಡ ಬಂಕಿಗೆ ತಿರುಗಿತು. ತೊಂಬತ್ತೇಳರ ಪಂಪಿಗೆ ಸ್ಟಾಕಿಲ್ಲ ಎಂಬ ಬೋರ್ಡು ನೇತಾಡುತ್ತಿತ್ತು. "ತೊಂಬತ್ತೊಂದು ಹಾಕ್ಲಾ ಸಾರ್?" ಎಂದು ಬಂಕಿನವನು ಕೇಳುವಷ್ಟರಲ್ಲಿ ಮಾವ ಗಾಜು ಏರಿಸಿ ಮುಂದೆ ಹೊರಟರು.

"ತುಂಬಿದ ಟ್ಯಾಂಕಿಗೆ ಮತ್ತೆ ಪೆಟ್ರೋಲ್ ಯಾಕ್ರೀ?"

"ಅದು... ಕ್ಯಾನಿನಲ್ಲಿದೆ."

"ಕ್ಯಾನು?"

"ಮನೇಲಿದೆ."

ಕಾರು ಎರಡು ಸಲ ಕೆಮ್ಮಿ ನಿಂತಿತು.

ಹೆಡ್‌ಮಿಸ್ ಡಿಕ್ಕಿಯಲ್ಲಿದ್ದ ಖಾಲಿ ಡಬ್ಬ ಹಿಡಿದು, ಇಸ್ತ್ರಿ ಸೀರೆಯ ನೆರಿಗೆ ಎತ್ತಿಕೊಂಡು ಬಂಕಿಗೆ ನಡೆದರು. ತೊಂಬತ್ತೊಂದನ್ನೇ ತಂದು ತಾವೇ ಸುರಿದರು. ಮಾವ ಹಲ್ಲು ಕಚ್ಚಿ ಕೀಲಿ ತಿರುಗಿಸಿದರು. ಟಕಟಕ ಇಲ್ಲ. ಶಾಲೆಯ ಮುಂದಿನ ಏರಿನಲ್ಲಾದರೂ ಸ್ವಲ್ಪ ಬಡಿಯಲಿ, ಮಾನ ಉಳಿಯಲಿ ಎಂದು ಒಳಗೊಳಗೇ ಬೇಡಿಕೊಂಡರು. ಇಂಜಿನ್ ಕಮಕ್ ಕಿಮಕ್ ಅನ್ನಲಿಲ್ಲ.

"ಬಡಿಯಲ್ಲ," ಎಂದರು ಹೆಡ್‌ಮಿಸ್. "ಅಪ್ಪ ಯಾವತ್ತೋ ಇಂಜಿನ್ ತಲೆ ಬಿಚ್ಚಿ, ಕೆಳಗೆ ದಪ್ಪ ಗ್ಯಾಸ್ಕೆಟ್ ಹಾಳೆ ಕೂರಿಸಿ ಕಂಪ್ರೆಷನ್ ಇಳಿಸಿದ್ರು. ಸಾದಾ ಪೆಟ್ರೋಲಲ್ಲೇ ಓಡ್ಲಿ ಅಂತ. ಟಾರ್ಚ್ ಹಿಡಿದವಳು ನಾನು."

ಶಾಲೆಯ ಹಾಲ್‌ನಲ್ಲಿ ಸಭೆ ಶುರುವಾಗಿಬಿಟ್ಟಿತ್ತು. "ಬನ್ನಿ ಮೇಡಂ!" ಎಂದು ಮೇಷ್ಟ್ರುಗಳು ಎದ್ದರು. ಹೆಡ್‌ಮಿಸ್ ಕೈಯೆತ್ತಿ ಬೇಡವೆಂದು, ಬಾಗಿಲ ಹೊರಗೆ ಗೋಡೆಗೆ ಬೆನ್ನು ಕೊಟ್ಟು ನಿಂತರು. ಮೆಲ್ಲಗೆ ಖಾಲಿ ಕುರ್ಚಿಯತ್ತ ನುಸುಳುತ್ತಿದ್ದ ಗಂಡನನ್ನು ತೋಳು ಹಿಡಿದು ಎಳೆದು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಹಿಂದಿನ ಸಾಲಿನ ಮಕ್ಕಳು ತಿರುಗಿ ತಿರುಗಿ ನೋಡಿ ಕಿಸಕ್ಕನೆ ನಕ್ಕವು. ಒಳಗೆ ಉಪಮುಖ್ಯೋಪಾಧ್ಯಾಯರು ಕಾಗದದಿಂದ ಕಣ್ಣೆತ್ತದೆ, "ಸಮಯಪಾಲನೆ ಎಂದರೆ ನಮ್ಮ ಮೇಡಂ" ಎಂದು ಓದುತ್ತಿದ್ದರು.

ಹೆಂಡತಿಯ ಕೆಂಪೇರಿದ ಮುಖ ನೋಡಿ ಮಾವನಿಗೆ ನಿಜವಾಗಿ ಸಂಕಟವಾಯಿತು. ತಡೆಯಲಾರದೆ ಪಿಸುಗುಟ್ಟಿದರು:

"ಆ ಗ್ಯಾಸ್ಕೆಟ್ ವಿಷಯ ನಿನ್ನೆಯೇ ಹೇಳಬಾರದಿತ್ತೇನೇ?"

"ಹೇಳೋಕೆ ಬಂದಾಗ ಸುಮ್ಮನಿರು ಅಂದ್ರಿ," ಎಂದರು ಹೆಡ್‌ಮಿಸ್, ಮುಂದೆ ನೋಡುತ್ತಲೇ. "ಈಗ ನೀವು ಸುಮ್ಮನಿರಿ. ಹೊರಗೆ ನಿಂತವರು ಗಂಟೆ ಹೊಡೆಯೋವರೆಗೂ ಮಾತಾಡೋ ಹಾಗಿಲ್ಲ."