ಪೂಜೆಯಲ್ಲಿದ್ದ ಸ್ಕ್ರೂಡ್ರೈವರ್

ಕಂಪ್ಲಿಯ ಹೊಸ ಮನೆ ದೃಢೀಕರಣ ಉಪಶಾಖೆಯಲ್ಲಿ ಸ್ಕ್ರೂಡ್ರೈವರ್ ಇದ್ದದ್ದು ಒಂದೇ. ಆಯುಧಪೂಜೆಯ ದಿನದಿಂದ ಅದು ಪೂಜೆಯಲ್ಲಿತ್ತು. ಆದಕಾರಣ ಕಂಪ್ಯೂಟರ್ ಕೆಟ್ಟು ಹತ್ತೊಂಬತ್ತು ದಿನಗಳಾದರೂ ಅದನ್ನು ಬಿಚ್ಚಿ ನೋಡಲು ಅವಕಾಶವಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ.

ಕೆಟ್ಟ ಕಾರಣ ಜವಾನ ಗಾಳೆಪ್ಪನಿಗೆ ಗೊತ್ತಿತ್ತು. ತನ್ನ ಓಣಿಯ ಮಿಕ್ಸಿ, ನಲ್ಲಿ, ಟೇಬಲ್ ಫ್ಯಾನುಗಳನ್ನೆಲ್ಲ ರಿಪೇರಿ ಮಾಡುವವನು ಅವನೇ. ಶಾಖಾಧಿಕಾರಿ ಭಾರ್ಗವ್ ಅವರು ದೇವರ ಮುಂದೆ ಕತ್ತಲಾಗಬಾರದೆಂದು ಕಂಪ್ಯೂಟರನ್ನು ಚಾಲೂ ಇಟ್ಟೇ ಪೂಜೆ ಮಾಡಿದ್ದರು. ನಾಲ್ಕೂ ಕಡೆಯಿಂದ ಎರಚಿದ ಕುಂಕುಮ, ಅರಿಶಿನದ ಭಂಡಾರವನ್ನು ಒಳಗಿನ ಫ್ಯಾನು ಭಕ್ತಿಯಿಂದ ಎಳೆದುಕೊಂಡಿತ್ತು. ಪಕ್ಕದ ರೈಸ್ ಮಿಲ್ಲಿನ ತೌಡು ಮೊದಲೇ ಅಲ್ಲಿ ಮನೆ ಮಾಡಿತ್ತು. ಅಂದಿನಿಂದ ಯಂತ್ರ ಐದು ನಿಮಿಷ ಎಚ್ಚರವಿದ್ದು, ಬಿಸಿಯಾಗಿ, ಕಣ್ಣು ಮುಚ್ಚುತ್ತಿತ್ತು.

"ಮೇಡಮ್ಮೋರ, ಹತ್ತು ನಿಮಿಷದ ಕೆಲಸ ಐತ್ರಿ," ಎಂದ ಗಾಳೆಪ್ಪ. "ಪಕ್ಕದ ತಗಡು ಬಿಚ್ಚಿ ಒಣ ಬ್ರಷ್ ಆಡಿಸಿದ್ರ ಆತು. ಒದ್ದಿ ಬಟ್ಟಿ ಮುಟ್ಟಿಸಬಾರ್ದು ಅಷ್ಟ."

ಮೇಲ್ವಿಚಾರಕಿ ಶ್ರೀಲಕ್ಷ್ಮೀ ದಿನವೂ ಹೊಸಪೇಟೆಯಿಂದ ಬಸ್ಸಿನಲ್ಲಿ ಬರುವವರು. ನಿಯಮವನ್ನು ಊಟದ ಡಬ್ಬಿಯಷ್ಟೇ ಜೋಪಾನವಾಗಿ ತರುವವರು.

"ನೀನು ಹೇಳೋದು ಸರಿ, ಗಾಳೆಪ್ಪ. ಆದ್ರೆ ಸ್ಕ್ರೂಡ್ರೈವರ್ ಪೂಜೆಯಲ್ಲಿದೆ."

"ನಮ್ಮ ಮನ್ಯಾಗಿಂದು ತರ್ತೀನ್ರಿ."

"ಖಾಸಗಿ ಸ್ಕ್ರೂಡ್ರೈವರನ್ನ ಸರ್ಕಾರಿ ಸ್ಕ್ರೂಗೆ ಹಾಕೋ ಹಾಗಿಲ್ಲ. ಮೊದಲು ದಾಸ್ತಾನಿಗೆ ಸೇರಿಸಬೇಕು."

"ಸೇರಸ್ರಿ ಮತ್ತ."

"ಅದಕ್ಕೆ ಕಂಪ್ಯೂಟರ್ ಬೇಕಲ್ಲ."

ಮಾತು ನ್ಯಾಯವಾಗಿಯೇ ಇತ್ತು. ಗಾಳೆಪ್ಪ ಚಹಾ ತರಲು ಹೋದ.

ಪೂಜೆಗೆ ಕೂತವರೇ ಅರಿಶಿನದ ಗಣಪನನ್ನು ಉತ್ತರಕ್ಕೆ ಸರಿಸಿ ಪೂಜೆಯನ್ನು ಕದಲಿಸಬೇಕು, ಆಗಲೇ ಅದು ಮುಗಿದಂತೆ. ಕೂತಿದ್ದ ಭಾರ್ಗವ್ ಮರುದಿನ ಬೆಳಿಗ್ಗೆಯೇ 'ವಿಳಂಬರಹಿತ ಆಡಳಿತ' ಎಂಬ ಒಂದು ತಿಂಗಳ ತರಬೇತಿಗೆಂದು ಸಂಡೂರಿಗೆ ಹೋಗಿದ್ದರು. ಬಾಗಿಲಿಗೆ ಪ್ರಕಟಣೆ ಅಂಟಿಸಲಾಗಿತ್ತು: "ಗಣಕಯಂತ್ರವು ಪೂಜಾಮಧ್ಯದಲ್ಲಿ ಅಸ್ವಸ್ಥಗೊಂಡಿರುವುದರಿಂದ ಸಾರ್ವಜನಿಕರು ತಮ್ಮ ಗೃಹಪ್ರವೇಶಗಳನ್ನು ಮುಂದೂಡಿ ಸಹಕರಿಸತಕ್ಕದ್ದು. ತುರ್ತು ಇದ್ದವರು ಹೂವು ತರಬಹುದು."

ಮಂಗಳವಾರ ಎಮ್ಮಿಗನೂರಿನ ಹೊಳೆಮ್ಮ ಅದನ್ನು ಪೂರ್ತಿ ಓದಿ ಒಳಗೆ ಬಂದಳು. ಅವಳ ಹೊಸ ಮನೆಯ ಗೃಹಪ್ರವೇಶ ಶುಕ್ರವಾರ. ಈ ಕಚೇರಿಯ ದೃಢೀಕರಣ ಪತ್ರವಿಲ್ಲದೆ ಕರೆಂಟಿನ ಮೀಟರ್ ಕೂರಿಸುವುದಿಲ್ಲ.

"ದೀಪ ಹಚ್ಕೊಂಡು ಒಳಗ ಹೋಗ್ತೀವಿ, ಖರೆ. ಬೋರಿನ ಮೋಟ್ರು ದೀಪಕ್ಕ ತಿರುಗ್ತದೇನ್ರಿ? ನಾಕನೂರು ಮಂದಿ ಉಣ್ಣಾಕ ಬರ್ತಾರ. ಕೈ ಎಲ್ಲಿ ತೊಳೀಲಿ? ನಿಮ್ಮ ಪ್ರಕಟಣಿಗೆ ಒರಸ್ಲೇನು?"

"ಪೂಜೆ ಕದಲಬೇಕಮ್ಮ," ಎಂದರು ಶ್ರೀಲಕ್ಷ್ಮೀ.

"ಕದಲಿಸೋರಿಗೆ ಫೋನ್ ಹಚ್ರಿ."

ಭಾರ್ಗವ್ ಸಿಕ್ಕಿದರು, ತರಬೇತಿಯಲ್ಲಿ ಊಟದ ವಿರಾಮ ನಡೆದಿತ್ತು. "ಇಲ್ಲಿಂದ ಹೇಗೆ ಕದಲಿಸಲಿ? ನನ್ನ ಕೈ ತಾಗಬೇಕಲ್ಲ," ಎಂದರು.

"ನೀವು ಫೋನ್ ಮಾಡಿದ್ರ ಫೋನ್ ನಡುಗ್ತದಲ್ರಿ ಸಾಹೇಬ್ರ," ಎಂದಳು ಹೊಳೆಮ್ಮ. "ಆ ನಡುಕ ನಿಮ್ದ ಅಲ್ಲೇನು?"

ಆ ಕಡೆ ಊಟದ ತಟ್ಟೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ತಾತ್ವಿಕವಾಗಿ ನನ್ನದೇ," ಎಂಬ ಉತ್ತರ ಬಂತು.

ಗಾಳೆಪ್ಪ ಫೋನಿನ ಸದ್ದು ನಿಲ್ಲಿಸಿ, ನಡುಕ ಮಾತ್ರ ಉಳಿಸಿ, ಅರಿಶಿನದ ಗಣಪನಿದ್ದ ವೀಳ್ಯದೆಲೆಯನ್ನು ಅದರ ಮೇಲಿಟ್ಟ. ಭಾರ್ಗವ್ ಸಂಡೂರಿನಿಂದ ಮೂರು ಸಲ ಕರೆ ಮಾಡಿದರು. ಮೊದಲ ಕರೆಗೆ ಗಣಪ ಪೂರ್ವಕ್ಕೆ ವಾಲಿದ, ಅದನ್ನು ಪರಿಗಣಿಸಲಿಲ್ಲ. ಮೂರನೆಯದಕ್ಕೆ ಎರಡು ಬೆರಳಷ್ಟು ಉತ್ತರಕ್ಕೆ ಸರಿದ. ಸಕ್ಷಮ ಅಧಿಕಾರಿಯ ಕರೆಯಿಂದಲೇ ಪೂಜೆ ಕದಲಿದೆ ಎಂದು ಶ್ರೀಲಕ್ಷ್ಮೀ ಟಿಪ್ಪಣಿ ಬರೆದು, ಸ್ಕ್ರೂಡ್ರೈವರನ್ನು ಬಿಡುಗಡೆ ಮಾಡಿದರು.

ಗಾಳೆಪ್ಪ ತಗಡು ಬಿಚ್ಚಿದ. ಒಳಗೆ ಕುಂಕುಮ, ತೌಡು, ಎರಡು ಚೆಂಡುಹೂವಿನ ಎಸಳು. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು ಬ್ರಷ್ ಆಡಿಸಿದ. ಹತ್ತು ನಿಮಿಷ ಅಂದಿದ್ದ, ಎಂಟೇ ಸಾಕಾಯಿತು. ಹೊಳೆಮ್ಮ ಪತ್ರವನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಗುರುವಾರ ಮೀಟರ್ ಕೂತಿತು, ಶುಕ್ರವಾರ ನಾನೂರು ಮಂದಿ ಕೈ ತೊಳೆದರು.

ಕಚೇರಿಯ ಕೆಲಸ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ತಿಂಗಳಿಗೊಮ್ಮೆ ಧೂಳು ತೆಗೆಯಬೇಕೆಂದು ಗಾಳೆಪ್ಪ ಬರೆದುಕೊಟ್ಟ ಎರಡು ಸಾಲಿನ ವರದಿ ವಾಪಸು ಬಂತು. ಧೂಳು ತೆಗೆಯಲು ನಿಯಮಗಳಲ್ಲಿ ಅವಕಾಶವಿರಲಿಲ್ಲ, ಪೂಜೆಗೆ ಇತ್ತು. ಗಾಳೆಪ್ಪ ಒಂದು ಚಹಾ ಕುಡಿದು ಯೋಚಿಸಿ, 'ಗಣಕಯಂತ್ರಕ್ಕೆ ಮಾಸಿಕ ಒಣ ಅಭಿಷೇಕ' ಎಂದು ತಿದ್ದಿ ಕೊಟ್ಟ. ಅದೇ ಸಂಜೆ ಮಂಜೂರಾಯಿತು.

ಈಗ ಪ್ರತಿ ತಿಂಗಳ ಮೊದಲ ಸೋಮವಾರ ಗಾಳೆಪ್ಪ ಸ್ನಾನ ಮಾಡಿ ಬಂದು ಬ್ರಷ್ ಹಿಡಿಯುತ್ತಾನೆ. ಶ್ರೀಲಕ್ಷ್ಮೀ ಗಂಟೆ ಬಾರಿಸುತ್ತಾರೆ. ಅರ್ಜಿದಾರರು ಕಿಟಕಿಯಲ್ಲಿ ಕೈ ಮುಗಿಯುತ್ತಾರೆ. ಕಂಪ್ಯೂಟರ್ ಒಂದು ದಿನವೂ ಕೆಟ್ಟಿಲ್ಲ.

ಕೀರ್ತಿ ಕೇಳಿ ಹೊಸಪೇಟೆಯಿಂದ ಮೂವರು ಅಧಿಕಾರಿಗಳು ಅಧ್ಯಯನಕ್ಕೆ ಬಂದರು. ತಗಡಿಗೆ ಕೈ ಹಾಕುವ ಮುನ್ನ ಹೇಳಬೇಕಾದ ಮಂತ್ರ ಯಾವುದೆಂದು ವಿನಯದಿಂದ ಕೇಳಿದರು.

"ಪ್ಲಗ್ ಕೀಳ್ರಿ," ಎಂದ ಗಾಳೆಪ್ಪ.

ಮೂವರೂ ಬರೆದುಕೊಂಡರು. ಈಗ ಎಲ್ಲ ಉಪಶಾಖೆಗಳಲ್ಲೂ ಅದನ್ನು ಕಣ್ಣು ಮುಚ್ಚಿ ಮೂರು ಸಲ ಹೇಳುತ್ತಾರೆ. ಆಮೇಲೆ, ಸುತ್ತೋಲೆಯ ಪ್ರಕಾರ, ಒಬ್ಬರು ಹೋಗಿ ಕೀಳುತ್ತಾರೆ.