ಶುಕ್ರವಾರದ ಕೊಸರು

ಜಿಪುಣಿ ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಗೃಹಿಣಿಗೆ ಇನ್ನೊಂದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಸಾರು ಕೆಟ್ಟರೆ ತಪ್ಪನ್ನು ಹಸಿ ಸೌದೆಯ ಮೇಲೆ ಹಾಕಬಹುದು, ಮಕ್ಕಳು ಹಟಮಾರಿಗಳಾದರೆ ಅವರ ಅಪ್ಪನ ಕಡೆಯ ರಕ್ತದ ಮೇಲೆ ಹಾಕಬಹುದು. ಕೈ ಬಿಗಿ ಎಂಬ ಹೆಸರು ಬಂದರೆ ಮಾತ್ರ ಅದನ್ನು ಹೊರಿಸಲು ಬೇರೆ ಹೆಗಲು ಸಿಗುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರು ಕಸೂತಿ ಕಲಿಸುತ್ತಲೇ ‘ಕೊಡುವ ಕೈ ದೇವರ ಕೈ’ ಎನ್ನುತ್ತಿದ್ದರು. ಮನೆಯಲ್ಲಿ ನಮ್ಮ ಅಜ್ಜಿಯದು ಬೇರೆ ಪಾಠ. ಹಾಲಿನವಳು ಅಳೆದಾದ ಮೇಲೆ ಇನ್ನೊಂದು ಚಿಮುಕು ಹಾಕುವವರೆಗೂ ಅವರು ಚೆಂಬನ್ನು ಹಿಂದಕ್ಕೆ ತೆಗೆಯುತ್ತಿರಲಿಲ್ಲ. ಆ ಚಿಮುಕಿಗೇ ಕೊಸರು ಎಂದು ಹೆಸರು. ಕೊಸರು ಕೊಡದವರನ್ನು ಅಜ್ಜಿ ಮನುಷ್ಯರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಯುದ್ಧ ಶುರುವಾಗಿ ರಂಗೂನಿನ ಅಕ್ಕಿ ಬರುವುದು ನಿಂತಾಗ, ಅಂಗಡಿಗಳಲ್ಲಿ ಇದ್ದ ಅಕ್ಕಿಯೂ ಮಾಯವಾಯಿತು. ಆಗ ಮಣ್ಣಗುಡ್ಡದ ನಾವು ಕೆಲವರು ಹೆಂಗಸರು ಸೇರಿ ಒಂದು ಅಕ್ಕಿ ಸಂಘ ಕಟ್ಟಿದೆವು. ಕೊಯ್ಲಿನ ಕಾಲಕ್ಕೆ ಎಲ್ಲರೂ ವಂತಿಗೆ ಹಾಕಿ ಅಕ್ಕಿ ಕೊಳ್ಳುವುದು, ಬೈಹುಲ್ಲಿನಲ್ಲಿ ಗುಂಡಗೆ ಸುತ್ತಿ ಮುಡಿ ಕಟ್ಟಿಸಿ ಪದ್ಮಾವತಿಯಮ್ಮನ ಅಟ್ಟದಲ್ಲಿಡುವುದು, ಮಳೆಗಾಲದಲ್ಲಿ ವಾರವಾರ ಬಿಚ್ಚಿ ಪಾಲಿನಂತೆ ಅಳೆದುಕೊಡುವುದು. ಮುಂದಿನ ವಾರದ ಮುಡಿಗೆ ಈ ವಾರ ಕೈ ಹಾಕಬಾರದು, ಇದೊಂದೇ ಕಟ್ಟುನಿಟ್ಟು. ಹಾಗಿದ್ದರೆ ಮಾತ್ರ ಜಡಿಮಳೆಯ ಆಟಿ ತಿಂಗಳ ಕೊನೆಯವರೆಗೂ ಎಲ್ಲರ ಒಲೆಯ ಮೇಲೂ ಗಂಜಿ ಬೇಯುತ್ತದೆ. ಹೊಳೆಯಾಚೆಯ ಬೆಂಗ್ರೆಯ ಮೀನುಗಾರರ ಕೆಲವು ಮನೆಗಳೂ ಸೇರಿದ್ದವು. ಮಳೆಗಾಲದಲ್ಲಿ ಅವರ ದೋಣಿ ಕಡಲಿಗೆ ಇಳಿಯುವುದಿಲ್ಲವಲ್ಲ.

ಅಳತೆಯೆಲ್ಲ ಪದ್ಮಾವತಿಯಮ್ಮನ ಜಗಲಿಯಲ್ಲೇ. ಮಂಗಳವಾರ ಅಳೆಯುವ ಸರದಿ ಅವರದು, ಶುಕ್ರವಾರ ನನ್ನದು. ಯಾರಿಗೆ ಯಾವ ದಿನ ಅನುಕೂಲವೋ ಆ ದಿನ ಬರಬಹುದು. ಪದ್ಮಾವತಿಯಮ್ಮ ದೇವಸ್ಥಾನದ ಭಟ್ಟರ ಹೆಂಡತಿ. ಸೇರು ತುಂಬಿದ ಕೂಡಲೇ ಒಂದು ಮರದ ಪಟ್ಟಿಯಿಂದ ಅದರ ತಲೆ ಸವರಿಬಿಡುತ್ತಿದ್ದರು, ವಿಧವೆಯ ತಲೆ ಬೋಳಿಸಿದಷ್ಟು ನಿರ್ದಾಕ್ಷಿಣ್ಯವಾಗಿ. ನನಗೆ ಅದನ್ನು ನೋಡಿದರೇ ನಾಚಿಕೆಯಾಗುತ್ತಿತ್ತು. ನನ್ನ ಸೇರಿಗೆ ಗೋಪುರವಿರುತ್ತಿತ್ತು. ಅದರ ಮೇಲೆ ಒಂದು ಹಿಡಿ ಕೊಸರು, ಹುಳಿ ಮುಖದವರಿಗೆ ಎರಡು ಹಿಡಿ. ಬರಬರುತ್ತಾ ಮಂಗಳವಾರ ಜಗಲಿಯಲ್ಲಿ ಬೆಕ್ಕು ಮಲಗತೊಡಗಿತು, ಶುಕ್ರವಾರ ಕಾಲಿಡಲು ಜಾಗವಿಲ್ಲ. ಅಂಚೆ ಮಾಸ್ತರರ ಹೆಂಡತಿಯಂತೂ ನನ್ನದು ಮಹಾಲಕ್ಷ್ಮಿಯ ಕೈ ಎಂದರು. ನಾನು ಮನೆಗೆ ಬಂದು ಆ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡೆ. ಪದ್ಮಾವತಿಯಮ್ಮ ಒಂದು ಸಲ ಮಾತ್ರ, ಚೀಲ ಕೊಡವುತ್ತಾ, “ಮುಡಿ ಕಟ್ಟುವಾಗ ನಾವು ಕೊಸರು ಕಟ್ಟಲಿಲ್ಲ ಮಾರಾಯ್ತಿ” ಎಂದರು. ಮಂಗಳವಾರಕ್ಕೆ ಗಿರಾಕಿಯಿಲ್ಲದ ಹೊಟ್ಟೆಕಿಚ್ಚು ಎಂದುಕೊಂಡೆ.

ಆಟಿಯ ಒಂದು ಶುಕ್ರವಾರ ಅಳೆದು ಮುಗಿಸಿ ಸೇರನ್ನು ಮಗುಚಿಟ್ಟಿದ್ದೆ. ಮುಡಿಯ ಹುಲ್ಲಿನ ಸಂದಿಯಲ್ಲಿ ಅಂಟಿದ ಕಾಳು ಬಿಟ್ಟರೆ ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಬೆಂಗ್ರೆಯ ಕಲ್ಯಾಣಿ ಬಂದಳು. ಗಾಳಿ ಇಳಿಯದೆ ಕಡವಿನ ದೋಣಿ ಬಿಡಲಿಲ್ಲವಂತೆ, ಅದಕ್ಕೇ ತಡ. ಸೆರಗು ಹಿಂಡಿಕೊಂಡು, ಒದ್ದೆಯಾಗದಂತೆ ಎದೆಗವಚಿ ತಂದ ಚೀಲವನ್ನು ಬಿಚ್ಚಿ ಹಿಡಿದಳು. ಚೀಲ ಒಣಗಿತ್ತು, ಅವಳೊಬ್ಬಳೇ ನೆನೆದಿದ್ದಳು. ಖಾಲಿ ಮುಡಿ ನೋಡಿ ಅಕ್ಕಿ ಮುಗಿದದ್ದನ್ನು ಅವಳೇ ತಿಳಿದುಕೊಂಡಳು.

“ಮಗಳು ಬಾಣಂತಿ ಅಮ್ಮ. ನಿಮ್ಮ ಕೈ ದೊಡ್ಡದು ಅಂತ ನಮ್ಮಲ್ಲೆಲ್ಲ ಸುದ್ದಿ ಉಂಟು. ಸ್ವಲ್ಪ ಕೊಸರು ಸಿಕ್ಕೀತು ಅಂತ ಈ ಸಲ ಮಂಗಳವಾರ ಬಿಟ್ಟು ನಿಮ್ಮ ದಿನಕ್ಕೇ ಕಾದು ಬಂದೆ.”

ಅವಳ ಮಾತಿನಲ್ಲಿ ಕುಹಕವಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಟ್ಟದ ಕಡೆ ನೋಡಿದೆ. ಮುಂದಿನ ವಾರದ ಮುಡಿಗಳು ಸಾಲಾಗಿ ಕುಳಿತಿದ್ದವು. ಅವುಗಳಲ್ಲೊಂದನ್ನು ಬಿಚ್ಚಿದರೆ ಆಟಿಯ ಕೊನೆಗೆ ಇನ್ನೊಬ್ಬಳು ಹೀಗೆಯೇ ಚೀಲ ಹಿಡಿದು ನಿಲ್ಲಬೇಕು. ಇವಳ ಪಾಲಿನ ಅಕ್ಕಿ ಆಗಲೇ ಹಿಡಿಹಿಡಿಯಾಗಿ ಮಣ್ಣಗುಡ್ಡದ ಮನೆಮನೆಗಳಲ್ಲಿ ಬೇಯುತ್ತಿತ್ತು. ಅಂಚೆ ಮಾಸ್ತರರ ಮನೆಯಲ್ಲಿ ಅದರಲ್ಲಿ ಪಾಯಸವನ್ನೇ ಮಾಡಿದ್ದರೋ ಏನೋ.

ಮನೆಗೆ ಬಾ ಎಂದು ಅವಳನ್ನು ಕರೆದುಕೊಂಡು ಹೋದೆ. ಅಡುಗೆಮನೆಯ ಹಿಂದಿನ ಜಗಲಿಗೆ ಅಕ್ಕಿಯ ಡಬ್ಬ ತಂದು ಅಳೆಯತೊಡಗಿದೆ. ಡಬ್ಬದಲ್ಲಿ ಹೆಚ್ಚಿರಲಿಲ್ಲ, ಅವಳ ಪಾಲು ಹೋದರೆ ವಾರದ ಕೊನೆಗೆ ನಮಗೆ ಗೆಣಸೇ ಗತಿ. ಇರಲಿ, ಪ್ರಾಯಶ್ಚಿತ್ತ ಎಂದರೆ ಇದೇ ಎಂದು ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಮೂಡಿತೆನ್ನಿ. ಒಂದು ಸೇರು ಸುರಿದೆ, ಇನ್ನೊಂದು ತುಂಬಿದೆ. ಆಗ ಕಲ್ಯಾಣಿಯ ಕಣ್ಣು ಎಲ್ಲಿದೆ ಎಂದು ನೋಡಿ ನಾನೂ ಅಲ್ಲಿಯೇ ನೋಡಿದೆ. ನನ್ನ ತೋರುಬೆರಳು ತನ್ನಷ್ಟಕ್ಕೆ ಸೇರಿನ ಅಂಚಿನ ಮೇಲೆ ಹರಿದು, ಹೆಚ್ಚಿನ ಅಕ್ಕಿಯನ್ನು ಡಬ್ಬಕ್ಕೇ ಕೆಡವುತ್ತಿತ್ತು. ಪದ್ಮಾವತಿಯಮ್ಮನ ಪಟ್ಟಿಯಾದರೂ ಅಂಚಿನ ಮಟ್ಟಕ್ಕೆ ನಿಲ್ಲುತ್ತದೆ. ನನ್ನ ಬೆರಳು ಒಂದೆಳೆ ಒಳಗೇ ಇಳಿದಿತ್ತು.

ಗಾಬರಿಯಿಂದ ಒಂದು ಹಿಡಿ ತೆಗೆದು ಚೀಲದತ್ತ ಚಾಚಿದೆ. ಕಲ್ಯಾಣಿ ಚೀಲದ ಬಾಯಿ ಹಿಡಿದುಕೊಂಡಳು.

“ಬೇಡ ಅಮ್ಮ, ಇರಲಿ,” ಎಂದಳು, ಸಮಾಧಾನ ಮಾಡುವವಳಂತೆ. “ಇದು ನಿಮ್ಮ ಮನೆಯ ಅಕ್ಕಿ ಅಲ್ವಾ.”

ಮುಂದಿನ ಶುಕ್ರವಾರ ನಾನೂ ಪಟ್ಟಿ ಹಿಡಿದು ಕುಳಿತೆ. ಬೆಂಗ್ರೆಯವರ ಪಾಲನ್ನು ಮೊದಲೇ ಅಳೆದು ತೆಗೆದಿಟ್ಟು, ಉಳಿದವರ ಸೇರಿನ ತಲೆಯನ್ನು ಸವರಿದೆ. ಜಗಲಿಯಲ್ಲಿ ಗುಸುಗುಸು ಎದ್ದಿತು. ಅಂಚೆ ಮಾಸ್ತರರ ಹೆಂಡತಿ ಮಾತ್ರ ಕನಿಕರದಿಂದ ಬಗ್ಗಿ, ಕೈಗೆ ಏನಾದರೂ ನೋವು ಉಂಟಾ ಎಂದು ಕೇಳಿದರು. ಸ್ವಲ್ಪ ಉಂಟು ಎಂದೆ. ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳಿ ಎಂದರು. ಹೇಳಿದ ಸುಳ್ಳಿಗೆ ಮರ್ಯಾದೆ ಕೊಡಬೇಕಲ್ಲ ಎಂದು ಮನೆಗೆ ಬಂದು ನಿಜವಾಗಿಯೂ ತಿಕ್ಕಿಕೊಂಡೆ. ಎಣ್ಣೆ ಬಗ್ಗಿಸುವಾಗ ನೋಡುತ್ತೇನೆ, ಬೇಕಾದದ್ದಕ್ಕಿಂತ ಒಂದು ಹನಿಯೂ ಹೆಚ್ಚು ಬೀಳಲಿಲ್ಲ.