ವೀಸಾ ಕೇಳದ ದ್ವೀಪ

ನಮ್ಮ ಭಾವ ನ್ಯೂಜೆರ್ಸಿಯಲ್ಲಿ ಕುಳಿತು ಉತ್ತರ ಧ್ರುವವನ್ನು ನಡೆಸುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಡೆಸುತ್ತಿರಲಿಲ್ಲ, ನಿಜ. ಆದರೆ ಅಲ್ಲಿನ ಎಂಟು ದೇಶಗಳಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಮೀನು ಯಾರದು, ಮಂಜುಗಡ್ಡೆ ಯಾರದು ಎಂಬುದೆಲ್ಲ ಅವರಿಗೆ ಮೆಟುಚೆನ್ ಊರಿನ ತಮ್ಮ ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು. ಹುಬ್ಬಳ್ಳಿಯವರು, ಔಷಧ ಕಂಪನಿಯಲ್ಲಿ ಕೆಮಿಸ್ಟ್. ಹಿಮಕ್ಕೂ ಅವರಿಗೂ ಇದ್ದ ನೇರ ಸಂಬಂಧವೆಂದರೆ ಮನೆ ಮುಂದೆ ಹಿಮ ತುಂಬುತ್ತಿದ್ದ ಡ್ರೈವ್‌ವೇ. ಅದನ್ನೂ ಅಕ್ಕನೇ ಬಳಿಯುತ್ತಿದ್ದಳು!

ಒಮ್ಮೆ ಮನೆಮನೆಯಿಂದ ಅಡುಗೆ ತಂದು ಸೇರಿದ್ದ ಪಾಟ್‌ಲಕ್‌ನಲ್ಲಿ ಎಲ್ಲರೂ ಮನೆಗಳ ಬೆಲೆ ಬಿದ್ದದ್ದಕ್ಕೆ ಗೋಳಾಡುತ್ತಿದ್ದರು. ಭಾವ ಬಿಸಿಬೇಳೆಬಾತಿನ ಮೇಲೆ ಚಮಚದಿಂದ ಎರಡು ಗೆರೆ ಎಳೆದು, "ಇದು ನಾರ್ವೆ, ಇದು ರಷ್ಯಾ. ನಡುವಿನ ಸಮುದ್ರ ಯಾರದು ಹೇಳ್ರಿ?" ಎಂದರು.

ಪಕ್ಕದಲ್ಲಿದ್ದ ಮಂಗಳೂರಿನ ಆಂಟಿ ಹೇಳಿದರು: "ಸಮುದ್ರ ತಣ್ಣಗಾಗ್ತಾ ಉಂಟು, ತಿನ್ನಿ ಮಾರಾಯ್ರೆ!"

ಅಮೆರಿಕದಲ್ಲಿ ಕೆಲಸಗಳು ಉದುರುತ್ತಿದ್ದ ವರ್ಷ ಅದು. ಆ ಫೆಬ್ರವರಿಯಲ್ಲಿ ಮಾರಿಸ್‌ಟೌನಿನ ನನ್ನ ಆಫೀಸಿನಲ್ಲಿ ಒಂದೇ ಬೆಳಿಗ್ಗೆ ಹನ್ನೊಂದು ಜನರನ್ನು ಒಳಗೆ ಕರೆದು ಹೊರಗೆ ಕಳಿಸಿದರು. ನಾನು ಏಳನೆಯವಳು. ನನ್ನ ವೀಸಾ ಆ ಕೆಲಸಕ್ಕೇ ಅಂಟಿಕೊಂಡಿತ್ತು. ಅದು ಹೋದರೆ ಇದೂ ಹೋದ ಹಾಗೆ. ರಟ್ಟಿನ ಡಬ್ಬ ಹಿಡಿದು ಅಕ್ಕನ ಮನೆಗೆ ಬಂದೆ. ಅಕ್ಕ ಅತ್ತಳು. ಭಾವ ಅಟ್ಲಾಸ್ ತಂದರು!

"ಯಾಕ ಅಂಜ್ತಿ? ವೀಸಾ ಕೇಳಲಾರದ ಜಾಗಾ ಒಂದದ. ಉತ್ತರ ಧ್ರುವದ ಬಾಜೂಕ, ಸ್ವಾಲ್ಬಾರ್ಡ್. ಮೊದಲನೇ ಮಹಾಯುದ್ಧ ಮುಗದ ಮ್ಯಾಲೆ ದೇಶದೇಶದವರು ಕೂತು ಒಪ್ಪಂದ ಮಾಡ್ಯಾರ. ದ್ವೀಪ ನಾರ್ವೆದು, ಆದ್ರ ಯಾರರ ಹೋಗಿ ದುಡಕೊಂಡು ತಿನ್ನಬಹುದು."

ತಮಾಷೆ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಹುಡುಕಿ ನೋಡಿದೆ. ಒಪ್ಪಂದ ನಿಜ!

ಅಕ್ಕ ಕಂಪ್ಯೂಟರ್ ಮುಂದಿನಿಂದ ಕೂಗಿದಳು: "ರೀ, ಅಲ್ಲಿ ಊರಾಚೆ ಹೋಗೋಕೆ ಬಂದೂಕು ಬೇಕಂತೆ, ಹಿಮಕರಡಿಗೆ! ಇವಳು ಜಿರಳೆ ಕಂಡ್ರೆ ಮಂಚ ಹತ್ತುತ್ತಾಳೆ."

"ಊರಾಚೆ ಇಕಿಗೇನು ಕೆಲಸ?"

"ಡ್ಯಾಡ್, ಯು ಆರ್ ಸೋ ವಿಯರ್ಡ್," ಎಂದಳು ಅವರ ಮಗಳು.

ಭಾವ ಒಂದು ವಾರ ಊಟದ ಬಿಡುವಿನಲ್ಲಿ ಅಲ್ಲಿನ ಹೋಟೆಲುಗಳಿಗೆ, ಅಂಗಡಿಗಳಿಗೆ ನನಗೊಂದು ಕೆಲಸ ಕೇಳಿ ಬರೆದರು. ಒಬ್ಬರು ಮಾತ್ರ ಉತ್ತರ ಬರೆದು, ಹಿಮದ ಮೇಲೆ ನಾಯಿಗಳು ಎಳೆಯುವ ಗಾಡಿ ಓಡಿಸಲು ಬರುತ್ತದೆಯೇ ಎಂದು ಕೇಳಿದರು.

"ಏನು ಉತ್ತರ ಕೊಟ್ರಿ?" ಎಂದೆ.

"ಕಲೀತಾಳ ಅಂತ ಬರದೀನಿ."

ಎಂಟನೆಯ ದಿನ ಟ್ರಾವೆಲ್ ಏಜೆಂಟ್ ನಿಜ ಹೇಳಿದ. ವೀಸಾ ಬೇಡದ ಆ ದ್ವೀಪಕ್ಕೆ ಹೋಗಲು ನಾರ್ವೆಯಲ್ಲಿ ವಿಮಾನ ಬದಲಿಸಬೇಕು. ನಾರ್ವೆಗೆ ವೀಸಾ ಬೇಕು. ಕೆಲಸವಿಲ್ಲದವಳಿಗೆ ಅದು ಸಿಗುವುದು ಕಷ್ಟ. ಭಾವ ಫೋನ್ ಇಟ್ಟರು.

"ಮನಿ ಬಾಗಿಲಾ ತಗದಿಟ್ಟಾರ, ಅಂಗಳಕ್ಕ ಬೀಗಾ ಹಾಕ್ಯಾರ!"

ನಾನು ಬೆಂಗಳೂರಿಗೆ ಟಿಕೆಟ್ ತೆಗೆದೆ. ಪ್ಯಾಕ್ ಮಾಡುವಾಗ ಮೇಜಿನ ಮೇಲೆ ಭಾವ ಬರೆದಿಟ್ಟ ಸ್ವಾಲ್ಬಾರ್ಡ್ ನೋಟ್‌ಬುಕ್ ಇತ್ತು. ಕೊನೆಯ ಪುಟದಲ್ಲಿ ಹೀಗಿತ್ತು: "ನವೆಂಬರ್‌ನಿಂದ ಜನವರಿ, ಸೂರ್ಯನಿಲ್ಲ. ಹುಡುಗಿ ಒಬ್ಬಳೇ ಇರಲಾರಳು. ಮೂರು ತಿಂಗಳು ಸಂಬಳವಿಲ್ಲದ ರಜೆ ಕೇಳಿದ್ದೇನೆ."

ಬಾಸ್ ಕಣ್ಣಿಗೆ ಬೀಳದಂತೆ ಎಲ್ಲರೂ ಉಸಿರು ಬಿಗಿಹಿಡಿದು ಕುಳಿತಿದ್ದ ಆ ವರ್ಷ ಇವರು ಹೋಗಿ ರಜೆ ಕೇಳಿದ್ದರು. ಎರಡು ಸಲ ಓದಿದೆ. ಕೆಳಗೆ ಹೋದೆ.

"ಭಾವ, ಅಷ್ಟು ದಿನ ನೀವಲ್ಲಿ ಏನು ಮಾಡ್ತಿದ್ರಿ?"

ಅವರು ನನ್ನ ಮುಖ ನೋಡಲಿಲ್ಲ.

"ಚಹಾ ಮಾಡಿ ನಿನ್ನ ಎಬ್ಬಸ್ತಿದ್ದೆ. ಅಂಥಾ ಕತ್ತಲದಾಗ ಮುಂಜಾನೆ ಆತು ಅಂತ ಯಾರರ ಹೇಳಬೇಕಲ್ಲ?"